ಕೆಂಪು ಗುರುತಿನ ಮರಗಳು

ನಮ್ಮ ಮನೆಗೆ ಎರಡು ಬಾಗಿಲಿದ್ದವು. ಮುಂದಿನದರಿಂದ ಜನ ಬರುತ್ತಿದ್ದರು, ಹಿಂದಿನದರಿಂದ ನಾವು ಕಾಡಿಗೆ ಹೋಗುತ್ತಿದ್ದೆವು. ಊರಿಗೆ ಜೀಪು ಬಂದ ಸದ್ದು ಕೇಳಿದರೆ ಸಾಕು, ಅವ್ವ ಒಲೆಯ ಮೇಲಿನ ಗಡಿಗೆ ಇಳಿಸಿ, ತಮ್ಮನನ್ನು ಕಂಕುಳಿಗೆ ಏರಿಸಿ, ನನ್ನ ರಟ್ಟೆ ಹಿಡಿದು ಬಿದಿರು ಮೆಳೆಯ ಕಡೆ ನಡೆಯುತ್ತಿದ್ದಳು. ಓಡುವಂತಿರಲಿಲ್ಲ. ಓಡಿದರೆ ತಪ್ಪು ಮಾಡಿದವರಂತೆ ಕಾಣುತ್ತೇವೆ ಎನ್ನುವುದು ಅವಳ ಲೆಕ್ಕ. ಬಂದವರು ಯಾರು, ಯಾಕೆ ಬಂದರು ಎನ್ನುವುದು ಗೊತ್ತಾಗುತ್ತಿದ್ದದ್ದು ಸಂಜೆಗೆ. ಒಮ್ಮೆ ಲಸಿಕೆ ಹಾಕಲು ಬಂದ ನರ್ಸಮ್ಮ ಇಡೀ ಕೇರಿಯಲ್ಲಿ ಕೋಳಿಗಳನ್ನು ಬಿಟ್ಟು ಬೇರೆ ಯಾರನ್ನೂ ಕಾಣದೆ ವಾಪಸ್ಸು ಹೋಗಿದ್ದಳು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಬಿಟ್ಟು ಕಾಡಿನೊಳಗೆ ನಡೆದರೆ ಸಿಗುವ ಮಾವಿನವಾಡ ನಮ್ಮ ಊರು. ಅಲ್ಲಿ ಇದ್ದವರೆಲ್ಲ ನಾವು ಸಿದ್ದಿಗಳೇ, ಆಫ್ರಿಕಾದಿಂದ ಗುಲಾಮರಾಗಿ ಬಂದು ಗೋವೆಯ ಯಜಮಾನರಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರ ಮಕ್ಕಳು. ನಾವು ಕೂತ ನೆಲ ನಮ್ಮದು ಎಂದು ಹೇಳುವ ಒಂದು ಚೂರು ಕಾಗದವೂ ಯಾರ ಹತ್ತಿರವೂ ಇರಲಿಲ್ಲ. ಹೀಗಾಗಿ ಕಾಲಿಗೆ ಬೂಟು ಹಾಕಿದವರೆಲ್ಲ ನಮ್ಮನ್ನು ಎಬ್ಬಿಸಲು ಬಂದವರು ಎಂದೇ ನಾನು ನಂಬಿದ್ದೆ. ಮುಂದೆ ನಾನೇ ಶಾಲೆಯ ಟೀಚರಮ್ಮನಾಗಿ, ಬೂಟು ಹಾಕಿಕೊಂಡು, ಮಕ್ಕಳನ್ನು ಹುಡುಕಿಕೊಂಡು ಅಂಥದೇ ಒಂದು ಕೇರಿಗೆ ಹೋದಾಗ ಹಿಂಬಾಗಿಲು ಕಿರ್ರೆಂದ ಸದ್ದು ಕೇಳಿಸಿತು. ನನಗೆ ನಗು ಬಂತು, ಆಮೇಲೆ ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡೆ.

ಮನೆ ಎಂದರೆ ಮೂರು ಭಾಗ. ಹೊರಗೆ ಮಣ್ಣಿನ ಕಟ್ಟೆ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಯ ಕೋಣೆ. ನಡುಮನೆಯ ಗೋಡೆಗೆ ಒಂದು ಹಲಗೆ ಹೊಡೆದು ಅಪ್ಪ ಪೀಠ ಮಾಡಿದ್ದ. ಅದರ ಮೇಲೆ ಮರದ ಶಿಲುಬೆ, ಮರಿಯಮ್ಮನ ಪಟ, ಒಂದು ಚಿಮಣಿ ದೀಪ. ಅಡುಗೆಯ ಕೋಣೆಯ ಮೂಲೆಯಲ್ಲಿ ಹಿರಿಯರ ತೆಂಗಿನಕಾಯಿ. ಸತ್ತ ಹಿರಿಯರು ಮನೆ ಬಿಟ್ಟು ಹೋಗುವುದಿಲ್ಲ ಎಂದು ನಮ್ಮಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರಿಸ್ತರೂ ಒಂದೇ ರೀತಿ ನಂಬುತ್ತೇವೆ. ತಿಂಗಳಿಗೊಮ್ಮೆ ಹಳಿಯಾಳದಿಂದ ಮೋಟರ್‌ಸೈಕಲ್ ಮೇಲೆ ಬರುತ್ತಿದ್ದ ಫಾದರ್ ಆ ಕಾಯಿಯನ್ನು ಕಂಡೂ ಕಾಣದಂತೆ ಚಹಾ ಕುಡಿದು ಹೋಗುತ್ತಿದ್ದರು. ಉಳಿದ ದಿನ ಊರಿನ ದೇವರ ಕೆಲಸ ಅಪ್ಪನದೇ. ಅಪ್ಪನ ಹೆಸರು ಬಸ್ತ್ಯಾಂವ. ಚಿಕ್ಕಂದಿನಲ್ಲಿ ಮಿಷನ್ನಿನ ಬೋರ್ಡಿಂಗಿನಲ್ಲಿ ಇದ್ದು ಓದು ಕಲಿತಿದ್ದರಿಂದ ಜಪ ಹೇಳಿಸುವವನು ಅವನಾದ. ಹೊಟ್ಟೆಪಾಡಿಗೆ ಮಾತ್ರ ಅವನು ಮರ ಕಡಿಯುವವ, ನಾವೆಲ್ಲ ಬರೀ ಸಾವ್ಕಾರ ಎಂದು ಕರೆಯುತ್ತಿದ್ದ ನಾಟಾ ಕಂತ್ರಾಟದಾರನ ಟೋಳಿಯಲ್ಲಿ. ಸಂಜೆ ಕೊಡಲಿ ಇಟ್ಟು ಕೈತೊಳೆದು ಬಂದರೆ ಜಪಸರ ಶುರು. ಕೊಂಕಣಿಯಲ್ಲಿ, ಎಳೆದು ಎಳೆದು, ಒಬ್ಬ ಸಂತನನ್ನೂ ಬಿಡದೆ. ಅವ್ವ ಕತ್ರೀನಾ ಮೊಣಕಾಲೂರಿ ಕೂತು ಒಂದು ಕಣ್ಣು ಗಂಜಿಯ ಕಡೆ ಇಟ್ಟಿರುತ್ತಿದ್ದಳು.

"ಸಂತರಿಗೆ ಹಸಿವಿಲ್ಲ, ನಮಗ ಐತಿ. ಲಗೂನ ಮುಗಸು."

"ಇನ್ನ ನಾಕ ಮಂದಿ ಉಳದಾರ, ತಡಿ."

ಇದು ನಮ್ಮ ಮನೆಯ ದಿನನಿತ್ಯದ ಜಗಳ. ಅಂಬಿಕಾನಗರದ ಕಡೆಯ ಆಕಾಶ ಕರೆಂಟಿನ ಬೆಳಕಿಗೆ ಬೆಳ್ಳಗೆ ಕಾಣುತ್ತಿತ್ತು. ಆ ಕರೆಂಟು ನಮ್ಮ ಕಾಡಿನ ನೀರಿನಿಂದಲೇ ಹುಟ್ಟುತ್ತದೆ ಎಂದು ಅಪ್ಪ ಹೇಳಿದಾಗ ನಾನು ನಂಬಿರಲಿಲ್ಲ. ನಮ್ಮ ಚಿಮಣಿಯ ಕೆಳಗೆ ಗಂಜಿ, ಸುಟ್ಟ ಒಣಮೀನು, ಜೊತೆಗೆ ಅಪ್ಪ-ಅವ್ವನ ಕೊಸರಾಟ. ಆ ದಿನಗಳಲ್ಲಿ ನಾವು ಸುಖವಾಗಿದ್ದೆವು ಎಂದು ಈಗ ಅನ್ನಿಸುತ್ತದೆ.

ಸಿಸ್ಟರ್ ಜೆಸಿಂತಾ ನಮ್ಮ ಊರಿಗೆ ಬಂದದ್ದು ನಾನು ಮೂರನೇ ಇಯತ್ತೆಯಲ್ಲಿದ್ದಾಗ. ಮಂಗಳೂರಿನ ಕಡೆಯವರು, ದೊಡ್ಡ ದನಿ, ಬಿಸಿಲಿರಲಿ ಮಳೆಯಿರಲಿ ಕರೀ ಛತ್ರಿ. ಜೀಪಿನಲ್ಲಿ ಬಾರದೆ ನಡೆದು ಬಂದದ್ದರಿಂದ ನಾವು ಹಿಂಬಾಗಿಲು ಹಿಡಿಯುವುದರೊಳಗೆ ಅವರು ನಮ್ಮ ಕಟ್ಟೆಯ ಮೇಲೆ ಕೂತಾಗಿತ್ತು. ಊರಿನ ಖಾಲಿ ಗುಡಿಸಲೊಂದರಲ್ಲಿ ಉಳಿದರು, ಹೆಂಗಸರಿಗೆ ಅಕ್ಷರ ಕಲಿಸಿದರು, ನಮ್ಮ ಜೊತೆ ನೀರು ಹೊತ್ತರು. ನಮ್ಮ ನೀರೆಲ್ಲ ಬರುತ್ತಿದ್ದದ್ದು ಊರ ಹಿಂದಿನ ಗುಡ್ಡದ ಬುಡದಲ್ಲಿದ್ದ ಒಂದೇ ಬುಗ್ಗೆಯಿಂದ. ಗುಡ್ಡದ ಆಚೆ ಮಗ್ಗುಲಿನಲ್ಲಿ ಎಮ್ಮೆ ಸಾಕುವ ಗೌಳಿಗರ ಕೇರಿ ಇತ್ತು. ಸಾವ್ಕಾರ ಆ ಮಗ್ಗುಲಿನ ಮರ ಕಡಿಸಿದ ಮೇಲೆ ಅವರ ಬುಗ್ಗೆ ಮೊದಲು ಸಣ್ಣದಾಗಿ, ಆಮೇಲೆ ಬೇಸಿಗೆಗೆ ಬತ್ತಿ, ಕೊನೆಗೆ ಅವರು ಎಮ್ಮೆಗಳನ್ನು ಹೊಡೆದುಕೊಂಡು ಮುಂಡಗೋಡದ ಕಡೆ ಹೋಗಿಬಿಟ್ಟರು. ಕಡಿದವರಲ್ಲಿ ಅಪ್ಪನೂ ಒಬ್ಬ. ಸಿಸ್ಟರ್ ಇದನ್ನು ಸುತ್ತಿಬಳಸದೆ ನಮ್ಮ ನಡುಮನೆಯಲ್ಲೇ ಎತ್ತಿದರು.

"ನಿಮ್ಮ ಜಪ ಎಲ್ಲ ಚಂದ ಉಂಟು ಬಸ್ತ್ಯಾಂವ್. ಆದ್ರೆ ಒಂದು ಹೇಳಿ. ಈ ಬುಗ್ಗೆ ಸಹ ಬತ್ತಿದ್ರೆ ಮಕ್ಕಳಿಗೆ ಜ್ಞಾನಸ್ನಾನ ಕೊಡ್ಲಿಕ್ಕೆ ನೀರು ಎಲ್ಲಿಂದ ತರ್ತೀರಿ?"

ಅಪ್ಪನಿಗೆ ಕೇಳಿದ್ದಕ್ಕೆ ಉತ್ತರ ಅವ್ವ ಕೊಟ್ಟಳು.

"ಅಕ್ಕಾರ, ನೀರಿನ ಮಾತ ಆಡಬ್ಯಾಡ್ರಿ. ಇವನಿಗೆ ಮೊದಲ ದೇವರ ಹುಚ್ಚ. ಅದರ ಮ್ಯಾಲ ಇದೊಂದ ಕಟ್ಟಬ್ಯಾಡ್ರಿ."

ಅವ್ವನ ಮೂಗಿಗೆ ಅಪಾಯದ ವಾಸನೆ ಎಲ್ಲರಿಗಿಂತ ಮೊದಲು ಬಡಿಯುತ್ತಿತ್ತು. ಆ ವರ್ಷ ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸುಕಾಲ ಶುರುವಾಗುವ ಮೊದಲು ಒಂದು ಸಂಜೆ ಅಪ್ಪ ಕೆಲಸದಿಂದ ಬಂದವನೇ ಕೈ ಹಿಂದೆ ಇಟ್ಟುಕೊಂಡು ಕಟ್ಟೆಯ ಮೇಲೆ ನಿಂತ. ಅಂಗೈ, ಬೆರಳು, ಉಗುರಿನ ಸಂದು ಎಲ್ಲ ಕೆಂಪು ಬಣ್ಣ. ನಮ್ಮ ಮಗ್ಗುಲಿನ ಗುಡ್ಡದಲ್ಲಿ, ಸರಿಯಾಗಿ ಬುಗ್ಗೆಯ ಮೇಲುಭಾಗದಲ್ಲಿ, ಕಡಿಯಬೇಕಾದ ಮರಗಳಿಗೆ ಗುರುತು ಹಾಕಿಸಿದ್ದರು. ಮತ್ತಿ, ಹೊನ್ನೆ, ನಂದಿಯ ಭಾರೀ ಮರಗಳು. ಪರವಾನಗಿ ಇದೆ ಎಂದು ಸಾವ್ಕಾರ ಹೇಳುತ್ತಿದ್ದ, ಕಂಡವರು ಯಾರೂ ಇರಲಿಲ್ಲ. ಅವ್ವ ಸೀಮೆಎಣ್ಣೆ ಹಾಕಿ ಅಪ್ಪನ ಕೈ ಉಜ್ಜಿದಳು. ಬಣ್ಣ ಅರ್ಧ ಹೋಯಿತು, ವಾಸನೆ ಪೂರ್ತಿ ಉಳಿಯಿತು. ಆ ರಾತ್ರಿಯ ಗಂಜಿಯೂ ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಅಪ್ಪ ಜಪ ಹೇಳಿಸಲು ಕೂತು ಅರ್ಧಕ್ಕೇ ನಿಲ್ಲಿಸಿದ. ಸಂತರನ್ನೆಲ್ಲ ಬಿಟ್ಟುಬಿಟ್ಟ. ಅವ್ವ ಬೇಗ ಮುಗಿಸು ಎಂದು ಹೇಳದಿದ್ದರೂ ಅವನಾಗಿಯೇ ಮುಗಿಸಿದ್ದು ನಾನು ಕಂಡಂತೆ ಅದೇ ಮೊದಲು. ನನಗೆ ಕಾರಣ ತಿಳಿಯದೆ ಹೆದರಿಕೆಯಾಯಿತು.

ಇಲ್ಲಿ ನಮ್ಮ ಊರಿನ ಒಂದು ರೂಢಿಯನ್ನು ಹೇಳಬೇಕು. ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯಲು ತಪಸ್ಸುಕಾಲದಲ್ಲಿ ಹದಿನಾಲ್ಕು ಶಿಲುಬೆಗಳ ಮುಂದೆ ನಿಂತು ನಿಂತು ಪ್ರಾರ್ಥಿಸುತ್ತಾರೆ. ಬೇರೆ ಊರುಗಳಲ್ಲಿ ಅದಕ್ಕೆ ಇಗರ್ಜಿಯ ಗೋಡೆಗಳಿವೆ. ನಮಗೆ ಗೋಡೆ ಇರಲಿಲ್ಲವಾದ್ದರಿಂದ ಅಪ್ಪ ಹಸಿ ಕೊಂಬೆಗಳ ಶಿಲುಬೆ ಮಾಡಿ ಸ್ಮಶಾನಕ್ಕೆ ಹೋಗುವ ಗಾಡಿದಾರಿಯ ಉದ್ದಕ್ಕೂ ನೆಡುತ್ತಿದ್ದ. ಮೊಳೆ ಹೊಡೆಯುವಂತಿಲ್ಲ, ಬಳ್ಳಿಯಿಂದ ಕಟ್ಟಬೇಕು. ಕಬ್ಬಿಣ ಒಮ್ಮೆ ದೇವರ ಮೈಗೆ ಹೊಕ್ಕಿದೆ, ಅಷ್ಟು ಸಾಕು ಎನ್ನುತ್ತಿದ್ದರು ಹಿರಿಯರು. ಶಿಲುಬೆ ನಿಂತ ಜಾಗದಲ್ಲಿ ಅದು ಇಳಿಯುವ ತನಕ ಕಬ್ಬಿಣ ಮುಟ್ಟಿಸುವಂತಿಲ್ಲ. ಆ ಕೊನೆಯ ವಾರ ಮನೆಯ ಕುಡುಗೋಲು ಕೊಡಲಿಗಳೆಲ್ಲ ಅಟ್ಟ ಸೇರುತ್ತಿದ್ದವು, ಶುಭ ಶುಕ್ರವಾರದಂದು ಅವ್ವ ಬದನೆಕಾಯಿಯನ್ನು ಕೈಯಿಂದ ಮುರಿದು ಸಾರಿಗೆ ಹಾಕುತ್ತಿದ್ದಳು. ಶನಿವಾರ ಸಂಜೆ ಶಿಲುಬೆಗಳನ್ನೆಲ್ಲ ಇಳಿಸಿ ತಂದು ಪಾಸ್ಕ ಹಬ್ಬದ ಹೊಸ ಬೆಂಕಿಗೆ ಹಾಕಬೇಕು. ಯೇಸು ಎದ್ದ ಮೇಲೆ ಶಿಲುಬೆ ನಿಂತಿರಬಾರದು. ಈ ರೂಢಿಯನ್ನು ಹಿಂದೂ ಸಿದ್ದಿಗಳೂ ಮೀರುತ್ತಿರಲಿಲ್ಲ. ಆ ವರ್ಷ ಅಪ್ಪ ಗಾಡಿದಾರಿಗೆ ಹೋಗಲಿಲ್ಲ. ಬಳ್ಳಿಯ ಸಿಂಬಿಯನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿ, ಬುಗ್ಗೆಯ ಮೇಲಿನ ಹದಿನಾಲ್ಕು ಗುರುತಿನ ಮರಗಳಿಗೆ, ಕೆಂಪು ಬಣ್ಣದ ಮೇಲೆಯೇ, ಒಂದೊಂದು ಶಿಲುಬೆ ಕಟ್ಟಿ ಬಂದ. ಅವನ್ನು ದಾಟದೆ ಮೇಲಿನ ಕಾಡಿಗೆ ಹೋಗಲು ದಾರಿಯೇ ಇರಲಿಲ್ಲ.

ಅವ್ವನಿಗೆ ಸುದ್ದಿ ಮುಟ್ಟಿದ್ದು ಬುಗ್ಗೆಯಲ್ಲಿ. ಕೊಡವನ್ನು ಅಲ್ಲೇ ಬಿಟ್ಟು ಬಂದಳು.

"ದೇವರನ್ನ ಮುಂದ ನಿಂದ್ರಿಸಿ ನೀ ಹಿಂದ ಅಡಗಿದೇನು? ನಾಳೆ ಅವರು ಬಂದ್ರ ಶಿಲುಬಿನ ಹಿಡದ ಕೇಳಂಗಿಲ್ಲ. ನಿನ್ನ ಹಿಡದ ಕೇಳ್ತಾರ. ಈ ಮಕ್ಕಳನ್ನ ಹಿಡದ ಕೇಳ್ತಾರ."

"ಆಚಿ ಮಗ್ಗಲದ ಬುಗ್ಗಿ ನನ್ನ ಕೈಲೆ ಹೋತು, ಕತ್ರಿ. ಇದೂ ನನ್ನ ಕೈಲೇನ ಹೋಗಬೇಕೇನು?"

"ಅಂಜಿಕಿ ಆಗಂಗಿಲ್ಲೇನು ನಿನಗ?"

"ಆಗ್ತೈತಿ. ಬಳ್ಳಿ ಕಟ್ಟೂ ಮುಂದ ಕೈ ನಡಗಾಕತ್ತಿದ್ದು."

ಅಪ್ಪ ಹೀಗೆ ಒಪ್ಪಿಕೊಂಡದ್ದು ಅವ್ವನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ಧೈರ್ಯವಂತನ ಜೊತೆ ಜಗಳವಾಡಬಹುದಿತ್ತು, ಹೆದರಿದವನೂ ಹಿಂದೆ ಸರಿಯದಿದ್ದರೆ ಏನು ಮಾಡುವುದು ಎಂದು ಆಕೆಗೆ ತೋಚಲಿಲ್ಲವೇನೋ. ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ನನ್ನ ಮೂಲಕ ಉಪ್ಪು ಕೇಳುತ್ತಿದ್ದರು, ನನ್ನ ಮೂಲಕ ನೀರು ಕೊಡುತ್ತಿದ್ದರು.

ಮರ ಕಡಿಯುವ ಟೋಳಿಯವರೆಲ್ಲ ನಮ್ಮವರೇ. ಶಿಲುಬೆ ಕಟ್ಟಿದ ಮರಕ್ಕೆ ಕೊಡಲಿ ಹಾಕುವುದಿಲ್ಲ ಎಂದು ಅವರು ಮೆಲ್ಲಗೆ ಹೇಳಿ ಕೂತುಬಿಟ್ಟರು. ಆಗ ಸಾವ್ಕಾರನ ಪರವಾಗಿ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮ ಪರಶುರಾಮ ನಮ್ಮ ಮನೆಗೆ ಬಂದ. ಅವನು ಬೈದಿದ್ದರೆ ಚೆನ್ನಾಗಿತ್ತು. ಬೂಟು ಕಳಚಿಟ್ಟು ಕಟ್ಟೆಯ ಮೇಲೆ ಕೂತ, ಅವ್ವ ಕೊಟ್ಟ ಚಹಾವನ್ನು ಬಸಿಗೆ ಸುರಿದು ಊದಿ ಊದಿ ಕುಡಿದ, ನಮ್ಮ ಸೂರನ್ನು ನೋಡಿ ತಲೆಯಾಡಿಸಿದ.

"ಹಂಚ ಹಾಕಿಸಿದ್ದು ಚಲೋ ಆತು ಬಸ್ತ್ಯಾಂವ. ಹುಲ್ಲಿಂದ ಇದ್ದಿದ್ರ ಈ ಬ್ಯಾಸಗ್ಯಾಗ ಭಾಳ ಸಂಭಾಳಿಸಿ ಇರಬೇಕಾಗಿತ್ತು."

ಮುಕಾದಮ ನನ್ನ ಕಡೆ ತಿರುಗಿದ.

"ಇಕಿ ನಿನ್ನ ಮಗಳಲ್ಲ? ಶ್ಯಾಣೇಕಿ ಕಾಣಸ್ತಾಳ. ಸಾಲಿಗೆ ಒಬ್ಬಾಕಿನ ಹೋಗ್ತಾಳೇನು, ಆ ಹಳ್ಳದ ದಾರೀಲೆ?"

"ಹೌದ್ರಿ," ಎಂದು ನಾನೇ ಹೇಳಿದೆ. ಶಾಲೆಯ ಬಗ್ಗೆ ಕೇಳಿದ್ದಕ್ಕೆ ನನಗೆ ಖುಷಿಯಾಗಿತ್ತು.

"ಹುಷಾರ ಹೋಗವಾ ತಂಗಿ. ದಾರಿ ಚಲೋ ಇಲ್ಲ."

ಅವನು ಹೋದ ಮೇಲೆ ಅವ್ವ ಆ ಚಹಾದ ಕಪ್ಪನ್ನೂ ಬಸಿಯನ್ನೂ ತೊಳೆಯಲಿಲ್ಲ, ಹಿತ್ತಲಿಗೆ ಒಯ್ದು ಕಲ್ಲಿಗೆ ಬಡಿದು ಒಡೆದಳು. ಅವಳ ಮುಖ ನೋಡಿದಾಗಲೇ ನನಗೆ ಅವನ ಮಾತಿನ ಅರ್ಥವಾದದ್ದು. ಅಲ್ಲಿಂದ ಹಳ್ಳದ ದಾರಿ ನನ್ನ ಪಾಲಿಗೆ ಬದಲಾಗಿಹೋಯಿತು. ಅಪ್ಪ ಬೆಳಿಗ್ಗೆ ಶಾಲೆಯ ತನಕ ಬಿಡುತ್ತಿದ್ದ, ಸಂಜೆ ಕರೆತರುತ್ತಿದ್ದ. ಅವನ ಕೈ ಹಿಡಿದಿದ್ದರೂ ಪ್ರತಿ ಪೊದೆಯ ಹಿಂದೆ ಒಬ್ಬ ಮನುಷ್ಯ ಕೂತು ಚಹಾ ಊದುತ್ತಿದ್ದಾನೆ ಎಂದು ನನಗೆ ಅನ್ನಿಸುತ್ತಿತ್ತು. ಎಷ್ಟೋ ವರ್ಷದ ಹಿಂದೆ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಚಟ ಮತ್ತೆ ಶುರುವಾಯಿತು. ಅವ್ವ ಬೈಯಲಿಲ್ಲ, ಕೌದಿಯನ್ನು ಸದ್ದಿಲ್ಲದೆ ಬಿಸಿಲಿಗೆ ಹಾಕುತ್ತಿದ್ದಳು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹಬ್ಬಕ್ಕೆ ವಾರ ಮುಂಚಿನ ಗರಿಗಳ ಭಾನುವಾರ ಕಳೆದ ಮರುದಿನ ನಮ್ಮ ಹಂದಿ ಸತ್ತಿತು. ಪಾಸ್ಕ ಹಬ್ಬಕ್ಕೆಂದು ಅವ್ವ ಮರಿಯಿಂದ ಸಾಕಿದ ಹಂದಿ. ತೌಡು, ಗಂಜಿ ತಿಳಿ, ಹಲಸಿನ ತೊಳೆ ತಿನ್ನಿಸಿ ಬೆಳೆಸಿದ್ದಳು. ಉಪವಾಸದ ದಿನಗಳಲ್ಲಿ ನಾನೂ ತಮ್ಮನೂ ದೊಡ್ಡಿಯ ಬೇಲಿಗೆ ಒರಗಿ ಅದನ್ನು ನೋಡಿಯೇ ಬಾಯಿ ಚಪ್ಪರಿಸುತ್ತಿದ್ದೆವು. ಬೆಳಿಗ್ಗೆ ನೋಡಿದರೆ ಕಾಲು ಸೆಟೆದು ಬಿದ್ದಿದೆ, ಬಾಯಲ್ಲಿ ನೊರೆ, ಮುಸುರೆ ಹಾಕುವ ಮರದ ದೋಣಿಯಲ್ಲಿ ನಾವು ಹಾಕದೇ ಇದ್ದ ಹಿಟ್ಟಿನ ಉಂಡೆ. ಯಾರು ಹಾಕಿದರು ಎಂದು ಕಂಡವರಿಲ್ಲ. ಅಪ್ಪ ಗುಂಡಿ ತೋಡಿ ಹೂಳಿದ. ಅವ್ವ ಅಳಲಿಲ್ಲ, ಗುಂಡಿಯ ಪಕ್ಕ ನಿಂತು ನನ್ನನ್ನು ಮಧ್ಯೆ ಇಟ್ಟುಕೊಳ್ಳದೆ ಬಹಳ ದಿನಗಳ ಮೇಲೆ ಅಪ್ಪನಿಗೆ ನೇರವಾಗಿ ಒಂದು ಮಾತು ಹೇಳಿದಳು.

"ದೋಣಿಗೆ ಹಾಕಿದ ಕೈ ನಾಳೆ ಗಡಗಿಗೆ ಹಾಕತೈತಿ."

ಅಂದಿನಿಂದ ನಮ್ಮ ಊಟಕ್ಕೆ ಹೊಸ ವಿಧಿಯೊಂದು ಸೇರಿತು. ಅವ್ವ ಎಲ್ಲರ ತಟ್ಟೆಗೂ ಬಡಿಸಿ, ಮೊದಲು ತಾನೊಬ್ಬಳೇ ಗಡಿಗೆಯಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದಳು. ನಾವು ಅವಳ ಮುಖ ನೋಡುತ್ತ ಕಾಯಬೇಕು. ತಮ್ಮ ಚಿಕ್ಕವನು, ಅವನಿಗೆ ಆಟ. ನನಗೆ ಗೊತ್ತಿತ್ತು. ಅವ್ವ ಕಣ್ಣು ಮುಚ್ಚಿದರೆ ಸತ್ತೇ ಹೋದಳು ಅನ್ನಿಸುತ್ತಿತ್ತು. ಗಂಜಿ ಆರಿ ಕೆನೆಗಟ್ಟಿದ ಮೇಲೆ, "ಉಣ್ರಿ," ಎನ್ನುತ್ತಿದ್ದಳು. ಅಪ್ಪ ತಾನು ಮೊದಲು ತಿನ್ನುತ್ತೇನೆ ಎಂದು ಕೈ ಚಾಚಿದರೆ ಅವನ ಕೈಯನ್ನು ಸೌಟಿನಿಂದ ತಳ್ಳುತ್ತಿದ್ದಳು. ಇಂದಿಗೂ ನಾನು ಯಾರ ಮನೆಯಲ್ಲೂ ಬಡಿಸಿದ ಕೂಡಲೇ ಉಣ್ಣಲಾರೆ. ಆರಲಿ ಎಂದು ಕಾಯುತ್ತಿದ್ದೇನೆ ಎಂದು ಜನ ತಿಳಿದುಕೊಳ್ಳುತ್ತಾರೆ.

ಸಿಸ್ಟರ್ ಜೆಸಿಂತಾ ಸುದ್ದಿ ಕೇಳಿ ಬಂದಾಗ ಅವ್ವ ಒಳಗೆ ಕರೆಯಲಿಲ್ಲ. ಸಿಸ್ಟರ್ ಅಂಗಳದಲ್ಲೇ ನಿಂತು ಕೇಳಿದರು.

"ಕತ್ರೀನಾ, ನನ್ನ ಮೇಲೆ ಸಿಟ್ಟುಂಟಾ?"

"ಐತ್ರಿ. ದೇವರ ಹೆಸರಲೆ ಒಂದ ಮಾತ ಹೇಳಿ ನೀವು ಗುಡಿಸಲಕ್ಕ ಹೋಗ್ತೀರಿ. ನಾ ಇಲ್ಲಿ ಕುಂತ ತುತ್ತ ನೋಡತೇನಿ."

"ನಾನು ಸಹ ರಾತ್ರಿ ಮಲಗಿ ಬಹಳ ದಿನ ಆಯ್ತು ಮಾರಾಯ್ತಿ. ನನ್ನ ಬಾಗಿಲಿಗೆ ಯಾರೋ ಕಲ್ಲು ಹೊಡೀತಾರೆ."

ಅವ್ವ ಒಳಗೆ ಹೋಗಿ ಚಾಪೆ ತಂದು ಹಾಸಿದಳು. ಅವತ್ತಿನಿಂದ ಸಿಸ್ಟರ್ ನಮ್ಮ ನಡುಮನೆಯಲ್ಲೇ ಮಲಗತೊಡಗಿದರು. ಅವ್ವನ ಸಿಟ್ಟೇನೂ ಇಳಿದಿರಲಿಲ್ಲ, ಚಾಪೆ ಹಾಸುವಾಗ ಅದನ್ನು ನೆಲಕ್ಕೆ ಬಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಶುಭ ಶುಕ್ರವಾರ ಊರಿಗೆ ಊರೇ ಗುಡ್ಡ ಹತ್ತಿತು. ಆ ದಿನ ಗಂಟೆ ಬಾರಿಸುವಂತಿಲ್ಲವಾದ್ದರಿಂದ ಮುಂದೆ ಒಬ್ಬರು ಮರದ ಗಿಲಕಿಯನ್ನು ಕಟಕಟ ಆಡಿಸುತ್ತ ನಡೆದರು. ಗುಡ್ಡದ ಬುಡದಲ್ಲಿ ಸಾವ್ಕಾರನ ಟ್ರ್ಯಾಕ್ಟರ್ ನಿಂತಿತ್ತು, ಅದರ ಮೇಲೆ ಮುಕಾದಮ, ಸುತ್ತ ನಾವು ಎಂದೂ ನೋಡದ ಗಂಡಸರು. ಅವರು ಏನೂ ಮಾಡಲಿಲ್ಲ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು, ಅಷ್ಟೇ. ಹಾಡುತ್ತಿದ್ದವರ ದನಿ ಅವರ ಮುಂದೆ ಹಾಯುವಾಗ ಇಳಿಯಿತು, ಮೇಲೆ ಹೋದ ಮೇಲೂ ಏರಲಿಲ್ಲ. ಪ್ರತಿ ಮರದ ಮುಂದೆ ಮೊಣಕಾಲೂರಿ ಅಪ್ಪ ಪ್ರಾರ್ಥನೆ ಹೇಳಿದ. ದೇವರು ಬಿದ್ದ, ಮತ್ತೆ ಬಿದ್ದ ಎಂದು ಹೇಳುವಾಗ ನನಗೆ ದೇವರ ಬಗ್ಗೆ ಕನಿಕರ ಹುಟ್ಟಲಿಲ್ಲ, ಬೀಳುವವನು ಅಪ್ಪನೇ ಎಂದು ಖಾತ್ರಿಯಾಯಿತು. ಆದರೆ ಅವತ್ತು ಯಾರಿಗೂ ಏನೂ ಆಗಲಿಲ್ಲ. ಮಳೆ ಶುರುವಾಗುವ ತನಕ ಶಿಲುಬೆಗಳು ಹೀಗೇ ಇದ್ದರೆ ಗುಡ್ಡಕ್ಕೆ ಗಾಡಿ ಹತ್ತಲಾಗುವುದಿಲ್ಲ, ಮರ ಉಳಿಯುತ್ತವೆ ಎಂದು ಜನ ಇಳಿಯುವಾಗ ಪಿಸುಗುಟ್ಟಿದರು. ನನಗೂ ಮೊದಲ ಸಲ ಉಸಿರು ಸಲೀಸಾಯಿತು.

ಮರುದಿನ ಶನಿವಾರ, ಮಧ್ಯಾಹ್ನದ ಹೊತ್ತಿಗೆ ಅಪ್ಪ ಶಿಲುಬೆ ಇಳಿಸಲು ಹೊರಟ. ಸಿಸ್ಟರ್ ದಂಗಾದರು.

"ಎಂಥ ಮಾಡ್ತೀರಿ ಬಸ್ತ್ಯಾಂವ್! ಅವು ಇದ್ದದ್ದಕ್ಕೆ ಮರ ಉಂಟು. ಈ ವರ್ಷ ಒಂದು ಬಿಟ್ಟುಬಿಡಿ. ದೇವರು ಬೇಡ ಹೇಳೂದಿಲ್ಲ."

"ಹಂಗಲ್ರಿ ಸಿಸ್ಟರ್. ಇವತ್ತಿನ ಮಟ ಅದು ಶಿಲುಬಿ. ನಾಳೆನೂ ಬಿಟ್ರ ಹೊಲದಾಗಿನ ಬೆದರಗೊಂಬಿ ಆಗತೈತಿ. ದೇವರ ಎದ್ದ ಮ್ಯಾಲ ಅವನ್ನ ಇನ್ನೂ ಕಟ್ಟಿ ಹಾಕಿ ಕಾವಲಾ ನಿಂದ್ರಸಾಕ ನನ್ನ ಕೈಲೆ ಆಗಂಗಿಲ್ಲ."

ಇಷ್ಟು ದಿನ ಜೀವ ಒತ್ತೆಯಿಟ್ಟು ಕಾದದ್ದನ್ನು ರೂಢಿಗಾಗಿ ತನ್ನ ಕೈಯಾರೆ ಬಿಚ್ಚುವ ಈ ಹಟವನ್ನು ಏನೆನ್ನಬೇಕು ಎಂದು ನನಗೆ ಈ ವಯಸ್ಸಿನಲ್ಲೂ ತಿಳಿದಿಲ್ಲ. ಪೆದ್ದುತನ ಎಂದು ಎಷ್ಟೋ ಸಲ ಸಿಟ್ಟಿನಿಂದ ಅಂದುಕೊಂಡಿದ್ದೇನೆ. ಅಪ್ಪನಿಗೆ ದೇವರು ಬಳಸುವ ವಸ್ತುವಾಗಿರಲಿಲ್ಲ ಎಂದೂ ಅನ್ನಿಸಿದೆ. ಸಿಸ್ಟರ್ ಅವ್ವನ ಕಡೆ ನೋಡಿದರು, ನೀನಾದರೂ ಹೇಳು ಎಂಬಂತೆ. ಅವ್ವ, ಅವನು ಗುಡ್ಡ ಹತ್ತಿ ಇಳಿಯುವ ತನಕ ಹೊಸ್ತಿಲಲ್ಲಿ ಕೂತು ದಾರಿ ನೋಡಿದಳು. ಕಾಡಿನಲ್ಲಿ ಕರಡಿ ಓಡಾಡುವುದರಿಂದ ನಮ್ಮಲ್ಲಿ ಪಾಸ್ಕದ ಜಾಗರಣೆ ಕತ್ತಲಾಗುವ ಮುಂಚೆಯೇ ಮುಗಿಯುತ್ತದೆ. ಫಾದರ್ ಬಂದರು, ಅಂಗಳದಲ್ಲಿ ಬೆಂಕಿ ಮಾಡಿದೆವು, ಅಪ್ಪ ಶಿಲುಬೆಗಳನ್ನು ಒಂದೊಂದಾಗಿ ಹಾಕಿದ. ಹಸಿ ಕೊಂಬೆಗಳು ಸುಲಭವಾಗಿ ಹತ್ತಿಕೊಳ್ಳದೆ ಬರೀ ಹೊಗೆ ತುಂಬಿತು. ಜನ ಕಣ್ಣು ಉಜ್ಜಿಕೊಳ್ಳುತ್ತ ಹಬ್ಬದ ಹಾಡು ಹೇಳಿದರು. ಗುಡ್ಡದ ಶಿಲುಬೆಗಳು ಇಳಿದಿವೆ ಎಂದು ಸಾವ್ಕಾರನಿಗೆ ತಿಳಿಸಲು ಆ ಹೊಗೆಯೇ ಸಾಕಾಗಿತ್ತು.

ಹಬ್ಬದ ಬೆಳಿಗ್ಗೆ ನಾವು ಹೊಸ ಬಟ್ಟೆ ಹಾಕಿಕೊಂಡು ಕೂತಿದ್ದೆವು. ಹಂದಿ ಇಲ್ಲದ ಹಬ್ಬ. ಅವ್ವ ಅಕ್ಕಿ, ಬೆಲ್ಲ, ಕಾಯಿತುರಿ ಸೇರಿಸಿ ಪಾಯಸ ಮಾಡಿ, ಒಂದು ತುತ್ತು ಬಾಯಿಗೆ ಹಾಕಿ, ಕಾಯುತ್ತಿದ್ದಳು. ಆಗ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಅದು ಊರಿನ ಕಡೆ ಬರಲಿಲ್ಲ, ಬುಗ್ಗೆಯ ಪಕ್ಕದಿಂದ ಗುಡ್ಡದ ಕಡೆ ಏರಿತು. ಅಪ್ಪ ಎದ್ದು ನಿಂತ. ಬಾಗಿಲಿಗೆ ಹೋಗಿ ಚೌಕಟ್ಟನ್ನು ಹಿಡಿದುಕೊಂಡ. ಹೆದರಿಕೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಏನು ಮಾಡಬೇಕು ಎಂದು ನನಗೆ ಗೊತ್ತಿತ್ತಲ್ಲ, ನಾನು ತಮ್ಮನ ಕೈ ಹಿಡಿದು ಹಿಂಬಾಗಿಲಿನ ಹತ್ತಿರ ಹೋಗಿ ನಿಂತೆ. ಅವ್ವ ಬಾಯಲ್ಲಿದ್ದ ತುತ್ತು ನುಂಗಿ, ಸೆರಗು ಬಿಗಿದು ಕಟ್ಟಿ, ಅಪ್ಪನನ್ನು ಪಕ್ಕಕ್ಕೆ ಸರಿಸಿ ಮುಂಬಾಗಿಲಿನಿಂದ ಹೊರಗೆ ಇಳಿದಳು. ಅಂಗಳದಲ್ಲಿ ನಿಂತು ಒಂದೊಂದು ಮನೆಯ ಹೆಂಗಸಿನ ಹೆಸರು ಹಿಡಿದು ಕೂಗಿದಳು. ಸಿಸ್ಟರ್ ಮೊದಲು ಓಡಿದರು. ಆಮೇಲೆ ಪಕ್ಕದ ಮನೆಯ ರೊಜಿನಾ, ಅವಳ ಸೊಸೆ, ಒಬ್ಬರ ಹಿಂದೆ ಒಬ್ಬರು. ಕೆಲವು ಬಾಗಿಲು ತೆರೆಯಲೇ ಇಲ್ಲ, ಅವರನ್ನು ನಾನು ದೂರಲಾರೆ.

ಅಪ್ಪನ ಹಿಂದೆ ನಾನೂ ತಮ್ಮನನ್ನು ಎತ್ತಿಕೊಂಡು ಗುಡ್ಡ ಹತ್ತಿದೆ. ನಾವು ಮೇಲೆ ಮುಟ್ಟಿದಾಗ ಟೋಳಿಯವರು ಗರಗಸ ಇಳಿಸುತ್ತಿದ್ದರು. ಮುಕಾದಮ ಅವರ ಬೆನ್ನ ಹಿಂದೆ ನಿಂತು ಅವಸರ ಮಾಡುತ್ತಿದ್ದ, ಆ ಅಪರಿಚಿತ ಗಂಡಸರ ಕೈಯಲ್ಲಿ ದೊಣ್ಣೆಗಳಿದ್ದವು. ಅವ್ವ ಯಾರ ಜೊತೆಯೂ ಮಾತಾಡದೆ ಮೊದಲ ಗುರುತಿನ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಒಬ್ಬೊಬ್ಬರಾಗಿ ಉಳಿದವರೂ ಒಂದೊಂದು ಮರ ಹಿಡಿದರು. ಅಪ್ಪ ಟೋಳಿಯ ಮುಂದೆ ಹೋಗಿ ಕೈ ಅಗಲಿಸಿ ನಿಂತಿದ್ದ, ಒಂದು ದೊಣ್ಣೆ ಅವನ ಹೆಗಲಿಗೆ ಬಿದ್ದು ಅವನು ಮೊಣಕಾಲಿನ ಮೇಲೆ ಕುಸಿದ. ಯಾರೋ ಚೀರಿದರು. ಅವ್ವ ಚೀರಲಿಲ್ಲ, ಮರ ಬಿಟ್ಟು ಕದಲಲೂ ಇಲ್ಲ.

"ಏನಬೇ, ನಿಮ್ಮ ಶಿಲುಬಿ ಎಲ್ಲಿ ಹೋದವು?" ಎಂದ ಮುಕಾದಮ.

"ಸುಟ್ಟೇವಿ. ಈಗ ನಾವ ಅದೀವಿ."

ಅವನು ಕಣ್ಣು ಹಾಯಿಸಿದ. ನಾನು ತಮ್ಮನನ್ನು ಎತ್ತಿಕೊಂಡು ಪೊದೆಯ ಹತ್ತಿರ ನಿಂತಿದ್ದೆ. ತುದಿಗಿದ್ದ ಒಂದು ಹೊನ್ನೆಯ ಮರ ಖಾಲಿಯಿತ್ತು. ಅದಕ್ಕೆ ಜನ ಸಾಲದೆ ಹೋಗಿತ್ತು. ಮುಕಾದಮ ಅದರ ಕಡೆ ಬೆರಳು ತೋರಿಸಿದ, ಇಬ್ಬರು ಗರಗಸ ಎತ್ತಿಕೊಂಡರು. ಅವ್ವ ಆ ಮರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹಳ್ಳದ ದಾರಿಯಲ್ಲಿ ಒಬ್ಬಳನ್ನೇ ಬಿಡದ, ನನಗಿಂತ ಮೊದಲು ನನ್ನ ತುತ್ತು ತಿನ್ನುತ್ತಿದ್ದ ನನ್ನ ಅವ್ವ.

"ಲೂಸಿ, ತಮ್ಮನ್ನ ಕೆಳಗ ಇಳಸು. ಆ ಮರ ಖಾಲಿ ಐತಿ. ಹೋಗಿ ನಿಂದ್ರು."

ನಾನು ಹೋದೆ. ಧೈರ್ಯದಿಂದ ಹೋದೆ ಎಂದು ಬರೆಯಲು ಬಹಳ ಆಸೆ, ಆದರೆ ಕಾಲು ತಾವಾಗಿ ಹೋದವು, ಅವ್ವ ಕರೆದಳು ಎಂದು ಹೋದವು. ಹೊಸ ಲಂಗದೊಳಗೆ ಬಿಸಿಯಾಗಿ ಉಚ್ಚೆ ಇಳಿದು ಪಾದಕ್ಕೆ ಮುಟ್ಟಿತು. ಮುಕಾದಮ ಬಂದು ನನ್ನ ರಟ್ಟೆ ಹಿಡಿದು ಎತ್ತಿ ಆಚೆ ಇಟ್ಟ. ನಾನು ಅಳುತ್ತ ವಾಪಸ್ಸು ಬಂದು ನಿಂತೆ. ಅವನು ಮತ್ತೆ ಎತ್ತಿ ಎಸೆದ, ಅಂಗೈ ತರಚಿತು, ನಾನು ಮತ್ತೆ ಬಂದೆ. ಅವನು ಹೊಡೆಯಲು ಕೈ ಎತ್ತಿದಾಗ ಗರಗಸದ ಒಂದು ತುದಿ ಹಿಡಿದಿದ್ದ ರೊಜಿನಾಳ ಗಂಡ ಇನಾಸ ತನ್ನ ತುದಿಯನ್ನು ನೆಲಕ್ಕೆ ಹಾಕಿದ.

"ಬಿಡ್ರಿ ಇನ್ನ. ಕೂಸಿಗೆ ಗರಗಸಾ ಹಚ್ಚು ಅಂತೀರೇನು? ನಮ್ಮ ಕೈಲೆ ಆಗೂದಿಲ್ಲ."

ಉಳಿದವರೂ ಕೈಬಿಟ್ಟರು. ದೊಣ್ಣೆಯವರಿಗೆ ಹೊಡೆಯಲು ಬರುತ್ತಿತ್ತು, ಮರ ಕೊಯ್ಯಲು ಬರುತ್ತಿರಲಿಲ್ಲ. ಮುಕಾದಮ ನಮ್ಮ ಒಬ್ಬೊಬ್ಬರ ಹೆಸರು ಹೇಳಿ, ಇನ್ನು ಈ ಸೀಮೆಯಲ್ಲಿ ನಿಮಗೆ ಕೆಲಸ ಹೇಗೆ ಸಿಗುತ್ತದೋ ನೋಡುತ್ತೇನೆ ಎಂದು ಹೇಳಿ, ಖಾಲಿ ಟ್ರ್ಯಾಕ್ಟರ್ ಇಳಿಸಿಕೊಂಡು ಹೋದ. ಹೇಳಿದಂತೆಯೇ ಮಾಡಿದ. ಆ ಮಳೆಗಾಲವೆಲ್ಲ ನಾವು ಕಾಡುಗೆಣಸು ತಿಂದು ಕಳೆದೆವು, ಅಪ್ಪನ ಹೆಗಲು ಮತ್ತೆಂದೂ ಕೊಡಲಿ ಎತ್ತಲಿಲ್ಲ. ಗುಡ್ಡ ಮಾತ್ರ ಉಳಿಯಿತು.

ಆ ಬೆಳಿಗ್ಗೆ ಇಳಿದು ಬರುವಾಗ ಅಪ್ಪನನ್ನು ಇನಾಸ ಮತ್ತು ಸಿಸ್ಟರ್ ಎರಡೂ ಕಡೆ ಹಿಡಿದುಕೊಂಡಿದ್ದರು. ಅವ್ವ ನನ್ನನ್ನು ಬುಗ್ಗೆಯ ಹತ್ತಿರ ನಿಲ್ಲಿಸಿ ಲಂಗ ಬಿಚ್ಚಿಸಿ ತೊಳೆದಳು. ಬಟ್ಟೆ ಎರಡು ಸಲ ಅವಳ ಕೈಯಿಂದ ಜಾರಿ ನೀರಿನಲ್ಲಿ ಹೋಯಿತು. ನಾನು ಬರಿಮೈಯಲ್ಲಿ ಕಲ್ಲಿನ ಮೇಲೆ ನಿಂತು ಬಿಕ್ಕುತ್ತಿದ್ದೆ. ನನಗೆ ಅವಳ ಮೇಲೆ ವಿಪರೀತ ಸಿಟ್ಟಿತ್ತು, ಮುಕಾದಮನ ಮೇಲೂ ಅಷ್ಟು ಇರಲಿಲ್ಲ. ಅವಳಿಗೆ ಅದು ಗೊತ್ತಿತ್ತು.

"ನಿನ್ನ ಕರದಿದ್ದಕ್ಕ ನನ್ನ ಮ್ಯಾಲ ಸಿಟ್ಟ ಐತೇನು?"

"ಐತಿ."

ಅವ್ವ ಲಂಗ ಹಿಂಡಿ, ಝಾಡಿಸಿ, ಒದ್ದೆಯದನ್ನೇ ನನ್ನ ಸೊಂಟಕ್ಕೆ ಕಟ್ಟಿದಳು.

"ಇರ್ಲಿ. ನಾಳೆ ಅವರು ಮತ್ತ ಬಂದ್ರ, ಮತ್ತ ಕರಿತೇನಿ."